ಬಾಗಲೂರಿನ ಗುಲಾಬಿ, ವರ್ಜೀನಿಯಾದ ಸರ್ವರ್

ಹೊಸೂರು ಸುತ್ತಿನ ಗುಲಾಬಿ ಬೆಳೆಗಾರರ ವರ್ಷದ ದುಡಿಮೆ ನಿಂತಿರುವುದು ಜನವರಿ ಕೊನೆಯ ವಾರದಿಂದ ಫೆಬ್ರವರಿ ಹತ್ತು ಹನ್ನೆರಡರವರೆಗಿನ ದಿನಗಳ ಮೇಲೆ. ಪ್ರೇಮಿಗಳ ದಿನಕ್ಕೆಂದು ಸಿಂಗಪುರ, ಮಲೇಷ್ಯಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಕೊಲ್ಲಿ ದೇಶಗಳು, ಯೂರೋಪ್ ಎಲ್ಲ ಕಡೆಗೂ ಇಲ್ಲಿಂದ ಕೆಂಪು ಗುಲಾಬಿ ಹೋಗುತ್ತದೆ. ಹೆಚ್ಚಿನದು ತಾಜ್‌ಮಹಲ್ ತಳಿ. ಬಾಗಲೂರು, ಬೇರಿಕೆ, ಮತ್ತಿಗಿರಿ, ಕೆಲಮಂಗಲ ಕಡೆಯ ಕೆಲವು ಪಾಲಿಹೌಸಿನವರು ಕೂಡಿ ವ್ಯಾಪಾರ ಮಾಡುವ ಸಣ್ಣದೊಂದು ಗುಂಪಿಗೆ ನಾನು ಲೆಕ್ಕ ಬರೆಯುತ್ತೇನೆ, ಅವರ ವೆಬ್‌ಸೈಟನ್ನೂ ನೋಡಿಕೊಳ್ಳುತ್ತೇನೆ. ಕೆಲಸ ನಡೆಯುವುದು ಆಲಸನತ್ತಂನಲ್ಲಿ, ನಮ್ಮ ಮನೆಯ ಮುಂದಿನ ಕೋಣೆಯಲ್ಲಿ. ಆ ಸೈಟಿನ ಸರ್ವರ್ ಯಾವ ದೇಶದಲ್ಲಿದೆ ಎಂಬ ಒಂದು ಸಂಗತಿ ಎರಡು ಹಂಗಾಮು ನಮ್ಮನ್ನು ಹಿಂಡಿ ಹಾಕಿತು. ಬೇರೆ ಬೆಳೆಗಾರರಿಗೆ ಆ ಪಾಡು ಬರದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಬೆಳಗಿನ ಜಾವ ಕೊಯ್ದ ಹೂವನ್ನು ಗ್ರೇಡಿಂಗ್ ಹಾಲ್‌ನಲ್ಲಿ ಕಾಂಡದ ಉದ್ದ ನೋಡಿ 40, 50, 60, 70 ಸೆಂಟಿಮೀಟರ್ ಎಂದು ಬೇರೆ ಮಾಡಿ, ಇಪ್ಪತ್ತು ಹೂವಿಗೊಂದು ಕಟ್ಟು ಹಾಕಿ ಕೋಲ್ಡ್ ರೂಮಿಗೆ ಸೇರಿಸುತ್ತಾರೆ. ಯಾವ ಉದ್ದದ್ದು ಎಷ್ಟು ಕಟ್ಟು ಇದೆ ಎಂಬ ಲೆಕ್ಕ ನನ್ನ ಫೋನಿಗೆ ಬರುತ್ತದೆ, ನಾನು ಸೈಟಿಗೆ ಏರಿಸುತ್ತೇನೆ. ನಮಗೆ ಆರು ಗಂಟೆಯಾದಾಗ ಸಿಂಗಪುರದಲ್ಲಿ ಎಂಟೂವರೆ, ಆ ತಿಂಗಳುಗಳಲ್ಲಿ ಮೆಲ್ಬರ್ನ್‌ನಲ್ಲಿ ಹನ್ನೊಂದೂವರೆ. ಅಲ್ಲಿಯವರು ಪಟ್ಟಿ ನೋಡಿ ಆರ್ಡರ್ ಹಾಕಿದರೆ ಮಾತ್ರ ಆ ಹೂವು ಅವತ್ತೇ ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ಹೊರಡುತ್ತದೆ.

2023ರ ಹಂಗಾಮಿನಲ್ಲಿ ಸರ್ವರ್ ಇದ್ದದ್ದು ಅಮೆರಿಕದ ವರ್ಜೀನಿಯಾದಲ್ಲಿ. ಸೈಟ್ ಮಾಡಿಕೊಟ್ಟ ಕಂಪನಿಯವರು ಬಾಡಿಗೆ ಅಗ್ಗವೆಂದು ಅಲ್ಲಿ ತೆಗೆದಿದ್ದರು, ಮುಂಗಡವೂ ಕಟ್ಟಿ ಆಗಿತ್ತು. ಮಿಕ್ಕ ತಿಂಗಳುಗಳಲ್ಲಿ ಹೇಗೋ ನಡೆಯುತ್ತಿದ್ದದ್ದು ಎಲ್ಲರೂ ಒಟ್ಟಿಗೆ ಬಂದಾಗ ನಿಂತೇಹೋಯಿತು. ಒಂದು ಸಾಲಿನ ಲೆಕ್ಕ ತುಂಬಿ ಒತ್ತಿದರೆ ಪರದೆ ಹಾಗೇ ಇರುತ್ತಿತ್ತು. ಆ ಕಡೆಯೂ ಅದೇ ಕಥೆ. ಆರ್ಡರ್ ಒತ್ತಿದ ಗಿರಾಕಿ, ಹೋಯಿತೋ ಇಲ್ಲವೋ ತಿಳಿಯದೆ ಇನ್ನೊಮ್ಮೆ ಒತ್ತುತ್ತಿದ್ದ. ನಮ್ಮಲ್ಲಿ ಎರಡು ಆರ್ಡರ್ ದಾಖಲಾಗುತ್ತಿತ್ತು.

ಹಾಗೆ ಬಂದ ಎರಡನೆಯ ಆರ್ಡರನ್ನು ನಂಬಿ ಬೇರಿಕೆ ಕಡೆಯ ಹಿರಿಯರೊಬ್ಬರು ಮಾರನೆಯ ದಿನಕ್ಕೆಂದು ಬಿಟ್ಟಿದ್ದ ಹೂವನ್ನೂ ಕೊಯ್ಸಿ, ಮೊಗ್ಗಿಗೆ ಕ್ಯಾಪ್ ಹಾಕಿಸಿ, ಪೆಟ್ಟಿಗೆ ತುಂಬಿಸಿಬಿಟ್ಟರು. ಗಿರಾಕಿ ತಾನು ಕೇಳಿದ್ದು ಒಂದೇ ಸಲ ಎಂದ. ಅವನದೂ ಸುಳ್ಳಲ್ಲ. ಕೊಯ್ದ ಹೂವು ಗಿಡಕ್ಕೆ ಮರಳುವುದಿಲ್ಲ. ಸಾಲ ಮಾಡಿ ಶೀಟ್ ಹೊದಿಸಿದ್ದ ಪಾಲಿಹೌಸಿನ ಆ ಫಸಲು ಕೊನೆಗೆ ಊರ ಮಾರುಕಟ್ಟೆಯಲ್ಲಿ ಕೂಲಿಗೂ ಸಾಲದ ಬೆಲೆಗೆ ಹೋಯಿತು. ಅವರು ನನ್ನನ್ನು ಬೈಯಲಿಲ್ಲ. "ಏನಮ್ಮಾ, ಹೂವು ಎರಡು ದಿನಕ್ಕೆ ಆ ದೇಶ ಸೇರ್ತದೆ, ಎರಡು ಅಕ್ಷರ ಸೇರಕ್ಕೆ ಇಷ್ಟು ಹೊತ್ತಾ?" ಎಂದು ಕೇಳಿದರು. ಆ ಪ್ರಶ್ನೆಗೆ ಉತ್ತರ ಹುಡುಕದೆ ನನಗೆ ನಿದ್ದೆ ಬರಲಿಲ್ಲ.

ಉತ್ತರ ಇಷ್ಟು. ಇಂಟರ್‌ನೆಟ್ ಕೇಬಲಿನ ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಸಾವಿರ ಕಿಲೋಮೀಟರ್ ಹೋಗಿ ಬರಲು 10 ಮಿಲಿಸೆಕೆಂಡ್. ನನ್ನ ಕೋಣೆಯಿಂದ ವರ್ಜೀನಿಯಾಕ್ಕೆ ಹೋಗಿ ಬರಲು ಸುಮಾರು 250 ಮಿಲಿಸೆಕೆಂಡ್ ಹಿಡಿಯುತ್ತಿತ್ತು. ಕಾಲು ಸೆಕೆಂಡ್ ತಾನೇ ಎನಿಸಬಹುದು. ಆದರೆ ಪುಟದ ಮೊದಲ ಅಕ್ಷರ ಬರುವ ಮೊದಲೇ ಬ್ರೌಸರು ಸರ್ವರನ್ನು ಮಾತಾಡಿಸಲು ಒಂದು ಸುತ್ತು, ಸುರಕ್ಷಿತ ಸಂಪರ್ಕಕ್ಕೆ ಹಳೆಯ ಟಿಎಲ್ಎಸ್ 1.2ರಲ್ಲಿ ಎರಡು ಸುತ್ತು, ಪುಟ ಕೇಳಲು ಇನ್ನೊಂದು ಸುತ್ತು ತಿರುಗಬೇಕು. ಅಲ್ಲಿಗೇ ಒಂದು ಸೆಕೆಂಡ್ ಹೋಯಿತು. ಆಮೇಲೆ ಪಟ್ಟಿ, ಫೋಟೊ, ಲಾಗಿನ್, ಪ್ರತಿಯೊಂದಕ್ಕೂ ಮತ್ತೆ ಅಷ್ಟು ದೂರದ ಓಡಾಟ. ದಾರಿಯಲ್ಲಿ ಒಂದು ತುಣುಕು ಕಳೆದುಹೋದರೆ ಅದನ್ನು ಪುನಃ ತರಿಸಬೇಕು. ಹೊಸೂರಿನ ಹೂವು ಸಿಂಗಪುರದವರಿಗೆ ಮಾರಾಟವಾಗಲು ಇಬ್ಬರ ಮಾತೂ ಅಮೆರಿಕಕ್ಕೆ ಹೋಗಿ ಬರುತ್ತಿತ್ತು.

ನಾನು ಇದನ್ನು ಗುಂಪಿನ ಮುಂದಿಟ್ಟೆ. ಕಂಪನಿಯವರು ಸರ್ವರನ್ನು ಜರ್ಮನಿಯ ಫ್ರಾಂಕ್‌ಫರ್ಟಿಗೆ ಸಾಗಿಸಿದರು. ಒಬ್ಬೊಬ್ಬರೇ ಹೆಚ್ಚು ಪೆಟ್ಟಿಗೆ ಕೊಳ್ಳುವವರು ಯೂರೋಪಿನವರು ಎಂಬುದು ಅವರ ವಾದ. ನಮ್ಮಿಂದ 150 ಮಿಲಿಸೆಕೆಂಡ್. 2024ರ ಪ್ರೇಮಿಗಳ ದಿನ ಸುಸೂತ್ರವಾಗಿ ಮುಗಿಯಿತು. ಮುಂದೆ ಮಾರ್ಚ್ 8ರ ಮಹಿಳಾ ದಿನ, ಮಾರ್ಚ್ 10ಕ್ಕೆ ಬ್ರಿಟನ್ನಿನ ತಾಯಂದಿರ ದಿನ. ಯೂರೋಪಿಗೆ ಹೂವು ಹೋಗುವ ಕಾಲ ಅದೇ.

ಆ ಫೆಬ್ರವರಿ ಕೊನೆಯಲ್ಲಿ ಕೆಂಪು ಸಮುದ್ರದ ತಳದ ಎಎಇ-1, ಇಐಜಿ, ಸೀಕಾಮ್ ಕೇಬಲ್‌ಗಳು ತುಂಡಾದವು. ಯೆಮೆನ್ನಿನ ಹೂತಿ ಬಂಡುಕೋರರ ಕ್ಷಿಪಣಿ ತಗುಲಿ ದಿಕ್ಕೆಟ್ಟು ತೇಲುತ್ತಿದ್ದ ರೂಬಿಮಾರ್ ಎಂಬ ಹಡಗಿನ ಲಂಗರು ಎಳೆದುಕೊಂಡು ಹೋಗಿ ಹಾಗಾಯಿತು ಎಂದು ಅಮೆರಿಕದ ಅಧಿಕಾರಿಗಳು ಹೇಳಿದರು. ಭಾರತದಿಂದ ಯೂರೋಪಿಗೆ ಹೋಗುವ ಕೇಬಲ್‌ಗಳು ಬಹುಪಾಲು ಆ ಇಕ್ಕಟ್ಟಿನ ಸಮುದ್ರದಲ್ಲೇ ಹಾಯುತ್ತವೆ. ಇದು ಹೊಸ ಅಪಾಯವೂ ಅಲ್ಲ. 2008ರ ಜನವರಿ 30ರಂದು ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಳಿ ಎರಡು ಕೇಬಲ್ ಕಡಿದು ಭಾರತದ ಇಂಟರ್‌ನೆಟ್ ತತ್ತರಿಸಿತ್ತು.

ನಮ್ಮ ಮಾತು ಈಗ ಎಲ್ಲೆಲ್ಲೋ ಸುತ್ತಿ ಫ್ರಾಂಕ್‌ಫರ್ಟ್ ಸೇರಬೇಕಾಯಿತು. ಬೆಳಗಿನ ಪಟ್ಟಿ ಏರುವಷ್ಟರಲ್ಲಿ ಮಧ್ಯಾಹ್ನ. ಒಂದೊಂದು ಆರ್ಡರನ್ನೂ ವಾಟ್ಸಾಪಿನಲ್ಲಿ ಕೇಳಿ, ನೋಟ್‌ಬುಕ್ಕಿನಲ್ಲಿ ಬರೆದು, ಗ್ರೇಡಿಂಗ್ ಹಾಲಿಗೆ ಫೋನಿನಲ್ಲಿ ಓದಿ ಹೇಳುತ್ತಿದ್ದೆ. ಕೋಲ್ಡ್ ರೂಮಿನ ಬಾಗಿಲು ತೆಗೆದು, ಹೊರಡದೆ ಉಳಿದ ಪೆಟ್ಟಿಗೆಗಳನ್ನು ಎಣಿಸುತ್ತಿದ್ದ ಹೆಣ್ಣುಮಕ್ಕಳು ಹೇಳುವ ಸಂಖ್ಯೆ ದಿನದಿನಕ್ಕೆ ಏರುತ್ತಿತ್ತು. ಅವರ ಕೂಲಿಯೂ ಆ ಪೆಟ್ಟಿಗೆಗಳಲ್ಲೇ ಇತ್ತು.

ಆ ಹಂಗಾಮು ಮುಗಿದ ಮೇಲೆ ಭೂಪಟ, ಬಾಡಿಗೆಯ ದರ ಎರಡನ್ನೂ ಪಕ್ಕಕ್ಕಿಟ್ಟು ಮಾತು ಹೋಗುವ ದಾರಿಯನ್ನೇ ನೋಡತೊಡಗಿದೆ. ಟ್ರೇಸ್‌ರೂಟ್ ಎಂಬ ಕಮಾಂಡ್ ಹಾಕಿದರೆ ದಾರಿಯ ಒಂದೊಂದು ನಿಲ್ದಾಣವೂ ಕಾಣುತ್ತದೆ. ಅತ್ತಿಬೆಲೆ ದಾಟಿದರೆ ಬೆಂಗಳೂರು, 40 ಕಿಲೋಮೀಟರ್. ಆದರೆ ಹೊಸೂರು ತಮಿಳುನಾಡು ಟೆಲಿಕಾಂ ವೃತ್ತದಲ್ಲಿದೆ. ನಮ್ಮ ಲೈನ್ ಮೊದಲು ಚೆನ್ನೈಗೆ ಹೋಗಿ, ಬೆಂಗಳೂರಿಗೆ ಅಲ್ಲಿಂದ ತಿರುಗಿ ಬರುತ್ತಿತ್ತು. ಚೆನ್ನೈ ಕಡಲ ತೀರದಿಂದ ಸಿಂಗಪುರಕ್ಕೆ ನೇರ ಕೇಬಲ್‌ಗಳಿವೆ. 2002ರಲ್ಲಿ ಶುರುವಾದ ಐಟುಐ ಕೇಬಲಿನ ಉದ್ದ ಸುಮಾರು 3,200 ಕಿಲೋಮೀಟರ್. ಅಳೆದು ನೋಡಿದರೆ ನನ್ನ ಕೋಣೆಯಿಂದ ಸಿಂಗಪುರಕ್ಕೆ ಹೋಗಿ ಬರಲು 45 ಮಿಲಿಸೆಕೆಂಡ್ ಆಸುಪಾಸು.

ಲೆಕ್ಕದ ಪುಸ್ತಕವನ್ನೂ ತೆಗೆದೆ. ಆರ್ಡರ್‌ಗಳಲ್ಲಿ ಹೆಚ್ಚಿನವು ಸಿಂಗಪುರ, ಮಲೇಷ್ಯಾ, ಆಸ್ಟ್ರೇಲಿಯಾ, ನ್ಯೂಜಿಲೆಂಡಿನವು. ಇನ್ನೊಂದು ಸಂಗತಿಯೂ ಗೊತ್ತಾಯಿತು. ಸೈಟನ್ನು ದಿನವಿಡೀ ಎಲ್ಲರಿಗಿಂತ ಹೆಚ್ಚು ಬಳಸುವವರು ಯಾವ ಗಿರಾಕಿಯೂ ಅಲ್ಲ, ಹೊಸೂರಿನ ನಾವೇ. ಪಟ್ಟಿ ಏರಿಸುವುದು, ದರ ತಿದ್ದುವುದು, ಇನ್‌ವಾಯ್ಸ್ ತೆಗೆಯುವುದು ಎಲ್ಲ ಇಲ್ಲಿಂದ. ಬರೆಯುವವರ ದಾರಿ ಕಟ್ಟಿಕೊಂಡರೆ ಓದುವವರಿಗೆ ಹಳಸಿದ ಪಟ್ಟಿಯೇ ಸಿಗುವುದು.

"ಹತ್ತಿರದ ಬೆಂಗಳೂರು ಬಿಟ್ಟು ಸಿಂಗಪುರಕ್ಕೆ ಯಾಕಮ್ಮಾ?" ಎಂದು ಅದೇ ಹಿರಿಯರು ಕೇಳಿದರು. ಬೆಂಗಳೂರಿನಲ್ಲಿಟ್ಟರೆ ನಮಗೊಬ್ಬರಿಗೆ ಅನುಕೂಲ, ಸಿಂಗಪುರದಲ್ಲಿಟ್ಟರೆ ನಮಗೂ ತೊಂದರೆಯಿಲ್ಲ, ಕೊಳ್ಳುವವರಿಗೂ ಹತ್ತಿರ ಎಂದು ಅಳತೆಯ ಕಾಗದ ತೋರಿಸಿದೆ. ಒಪ್ಪಿದರು. ಆರ್ಡರ್ ಹಿಡಿಯುವ ಸರ್ವರ್ ಸಿಂಗಪುರಕ್ಕೆ ಹೋಯಿತು. ಫೋಟೊಗಳನ್ನೂ ಪಟ್ಟಿಯ ಪುಟಗಳನ್ನೂ ಸಿಡಿಎನ್‌ಗೆ, ಅಂದರೆ ಹಲವು ಊರುಗಳಲ್ಲಿ ನಕಲು ಇಟ್ಟುಕೊಳ್ಳುವ ಸರ್ವರ್‌ಗಳ ಜಾಲಕ್ಕೆ, ಹಾಕಿದೆವು. ಯೂರೋಪಿನವರಿಗೆ ಅವು ಅವರದೇ ಸಮೀಪದ ಊರಿನಿಂದ ಬರುತ್ತವೆ. ಆರ್ಡರ್ ಫಾರಂ ಮಾತ್ರ ಸಮುದ್ರ ದಾಟಬೇಕು. ಅದನ್ನು ಆದಷ್ಟು ಚಿಕ್ಕದು ಮಾಡಿದೆವು. ಎರಡು ಸಲ ಒತ್ತಿದರೂ ಒಂದೇ ಆರ್ಡರ್ ಆಗುವಂತೆ ಸರಿಪಡಿಸಿದೆವು.

2025ರ ಸೆಪ್ಟೆಂಬರ್ 6ರಂದು ಕೆಂಪು ಸಮುದ್ರದಲ್ಲಿ ಜೆಡ್ಡಾ ಬಳಿ ಮತ್ತೆ ಕೇಬಲ್‌ಗಳು ಕಡಿದವು. ಯೂರೋಪಿನ ಆರ್ಡರ್‌ಗಳು ತುಸು ತಡವಾದವು. ನಮ್ಮ ಬೆಳಗಿನ ಪಟ್ಟಿ ಒಂದು ದಿನವೂ ತಡವಾಗಲಿಲ್ಲ.

ಹಾಗೆಂದು ಯಾವ ಊರೂ ಪೂರ್ತಿ ಭದ್ರವಲ್ಲ. 2016ರ ಡಿಸೆಂಬರಿನ ವರ್ದಾ ಚಂಡಮಾರುತದಲ್ಲಿ ಚೆನ್ನೈ ಕಡೆಯ ಸಂಪರ್ಕವೂ ಏಟು ತಿಂದಿತ್ತು. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಒಂದು ಡೇಟಾ ಸೆಂಟರ್ ಸುಟ್ಟುಹೋಗಿ ಲಕ್ಷಗಟ್ಟಲೆ ಸೈಟ್‌ಗಳು ನಿಂತವು, ಬೇರೆಡೆ ನಕಲು ಇಡದವರ ದಾಖಲೆ ಮರಳಲೇ ಇಲ್ಲ. ಆದ್ದರಿಂದ ನಮ್ಮ ಆರ್ಡರ್ ಪುಸ್ತಕದ ನಕಲು ಪ್ರತಿ ರಾತ್ರಿ ಬೆಂಗಳೂರಿನ ಇನ್ನೊಂದು ಸರ್ವರಿಗೆ ಹೋಗುತ್ತದೆ. ಯೂರೋಪಿನ ಗಿರಾಕಿಗಳ ಹೆಸರು, ವಿಳಾಸ ಕಾಯುವ ಹೊಣೆಯೂ ಸರ್ವರ್ ಸ್ಥಳಾಂತರದಿಂದ ತೀರುವುದಿಲ್ಲ. 2018ರ ಮೇ 25ರಿಂದ ಜಾರಿಯಲ್ಲಿರುವ ಅಲ್ಲಿನ ಜಿಡಿಪಿಆರ್ ಕಾನೂನು, ಅಲ್ಲಿಯವರಿಗೆ ಮಾಲು ಮಾರುವವರು ಎಲ್ಲಿದ್ದರೂ ಅನ್ವಯಿಸುತ್ತದೆ.

ಹೊರದೇಶಕ್ಕೆ ಮಾರುವ ರೈತರು ಸೈಟ್ ಮಾಡಿಸುವಾಗ ನಾಲ್ಕು ಮಾತು ಕೇಳಲೇಬೇಕು. ಸರ್ವರ್ ಯಾವ ಊರಿನಲ್ಲಿದೆ? ನಮ್ಮ ಊರಿನಿಂದಲೂ ಗಿರಾಕಿಯ ಊರಿನಿಂದಲೂ ಅಲ್ಲಿಗೆ ಎಷ್ಟು ಮಿಲಿಸೆಕೆಂಡ್? ಆ ದಾರಿ ಕಡಿದರೆ ಬೇರೆ ದಾರಿ ಯಾವುದು? ನಕಲು ಎಲ್ಲಿದೆ? ಉತ್ತರ ಬಿಲ್ಲಿನ ಮೇಲೆ ಬರೆದು ಕೊಡುವವರೆಗೆ ಮುಂಗಡ ಕಟ್ಟಬೇಡಿ. ಬೇಡಿಕೆಯ ದಿನ ದಾಟಿದ ಹೂವಿಗೆ ಬೆಲೆಯಿಲ್ಲ ಎಂಬುದು ಬೆಳೆದವರಿಗೆ ಗೊತ್ತು. ಸೈಟ್ ಮಾರುವವರಿಗೂ ಅದನ್ನು ಮೊದಲ ದಿನವೇ ತಿಳಿಸಿ ಹೇಳಬೇಕು.