ಪೆರಂಬೂರಿನಲ್ಲಿ ಐದು ಡಿಗ್ರಿ

ಪೆರಂಬೂರು ಎಂದರೆ ರೈಲು. 1955ರ ಅಕ್ಟೋಬರ್ 2ರಂದು ನೆಹರೂ ಉದ್ಘಾಟಿಸಿದ ಐಸಿಎಫ್ ಇರುವುದು ಇಲ್ಲಿ. ಮೊದಲ ವಂದೇ ಭಾರತ್ ರೈಲು ತಯಾರಾದದ್ದೂ ಇಲ್ಲೇ. ಪಕ್ಕದ ಸೆಂಬಿಯಂನಲ್ಲಿ ಸಿಂಪ್ಸನ್ ಡೀಸೆಲ್ ಎಂಜಿನ್ ಕಾರ್ಖಾನೆಯಿದೆ. ಈ ದೊಡ್ಡ ಗೇಟುಗಳಿಂದ ಸ್ವಲ್ಪ ದೂರದ ಒಂದು ಗಲ್ಲಿಯ ಶೆಡ್ಡಿಗೆ ನಾನು ಹೋದದ್ದು ಸ್ನೇಹಿತರ ಹಳೆಯ ಮಹೀಂದ್ರ ಎಫ್‌ಸಿ-150 ಪಿಕಪ್ ನೋಡಲು.

ಎಂಜಿನ್ ಬಿಚ್ಚಿ ಹೊಸ ರಿಂಗು, ಬೇರಿಂಗು ಹಾಕಿಯಾಗಿತ್ತು. ಉಳಿದದ್ದು ಟೈಮಿಂಗ್. ಮರುದಿನ ಗಾಡಿ ಹೊಸೂರಿಗೆ ಹೋಗಬೇಕು; ಕೃಷ್ಣಗಿರಿ ದಾಟಿದ ಮೇಲೆ ಏರು. ಅಲ್ಲಿ ಕಿಡಿ ಹೊತ್ತು ತಪ್ಪಿದರೆ ಮಾಡಿಸಿದ ಖರ್ಚೆಲ್ಲ ನೀರುಪಾಲು.

ಮೇಸ್ತ್ರಿ ಕೋಲಾರದ ಕಡೆಯವರು. “ಕಿವಿ ಕೊನೆಗೆ ಸಾರ್, ಮೊದಲು ಗುರುತು” ಅಂದರು. ಈ ಹರಿಕೇನ್ ಎಂಜಿನ್ನಿನಲ್ಲಿ ಡಿಸ್ಟ್ರಿಬ್ಯೂಟರನ್ನು ತಿರುಗಿಸುವುದು ಆಯಿಲ್ ಪಂಪಿನ ಶಾಫ್ಟು. ಪಂಪು ಮತ್ತೆ ಕೂರಿಸುವಾಗ ಒಂದು ಹಲ್ಲು ಆಚೀಚೆಯಾದರೂ ಎಲ್ಲ ಲೆಕ್ಕ ಕೆಡುತ್ತದೆ. ಅದನ್ನೇ ಮೊದಲು ನೋಡಿದರು. ಆಮೇಲೆ ಪಾಯಿಂಟಿನ ಸಂದು, ಸುಮಾರು ಅರ್ಧ ಮಿಲಿಮೀಟರ್. ಸಂದು ಬದಲಾದರೆ ಟೈಮಿಂಗೂ ಬದಲಾಗುತ್ತದೆ, ಅದಕ್ಕೇ ಈ ಕ್ರಮ.

ಪಿಸ್ಟನ್ ಒಂದು ಸುತ್ತಿನ ಕೆಲಸದಲ್ಲಿ ಎರಡು ಸಲ ಮೇಲೆ ಬರುತ್ತದೆ. ಕಿಡಿ ಬೇಕಾದ್ದು ಕಂಪ್ರೆಷನ್ನಿನ ಕೊನೆಯಲ್ಲಿ. ಒಂದನೇ ಪ್ಲಗ್ ತೆಗೆದು, ತೂತಿಗೆ ಹೆಬ್ಬೆರಳಿಟ್ಟು ಎಂಜಿನ್ ತಿರುಗಿಸಿದರು. ಗಾಳಿ ಬೆರಳನ್ನು ತಳ್ಳಿತು. ಪಿಸ್ಟನ್ ತುದಿ ಮುಟ್ಟಲು 5 ಡಿಗ್ರಿ ಇರುವಾಗ ನಿಲ್ಲಿಸಿದರು. ಕಾಯಿಲಿನ ಡಿಸ್ಟ್ರಿಬ್ಯೂಟರ್ ಬದಿಗೆ ಬಲ್ಬಿನ ಒಂದು ತಂತಿ, ಇನ್ನೊಂದು ಬಾಡಿಗೆ. ಪಾಯಿಂಟ್ ಮುಚ್ಚಿದ್ದರೆ ಬಲ್ಬು ಆರಿರುತ್ತದೆ, ತೆರೆದ ಕ್ಷಣ ಹತ್ತುತ್ತದೆ. ಅದು ಹತ್ತುವಲ್ಲಿಗೆ ಡಿಸ್ಟ್ರಿಬ್ಯೂಟರನ್ನು ಮೆಲ್ಲಗೆ ತಿರುಗಿಸಿ ಬೋಲ್ಟು ಬಿಗಿದರು. ವೈರುಗಳ ಸರದಿ 1-3-4-2.

ಸಮತಟ್ಟಾದ ಪೆರಂಬೂರಿನಲ್ಲಿ ಏರು ಬೇಕೆಂದರೆ ಮುರಸೊಲಿ ಮಾರನ್ ಮೇಲ್ಸೇತುವೆಯೇ ಗತಿ. ಮೇಲಿನ ಗೇರಿನಲ್ಲೇ ಆಕ್ಸಲರೇಟರ್ ಒತ್ತಿದಾಗ ಟಕಟಕ ಸದ್ದು ಕೇಳಿಸಿತು. ಕಿಡಿ ಮುಂಚೆಯೇ ಬಂದರೆ ಗಾಡಿ ಚುರುಕಾದಂತೆ ಅನಿಸುತ್ತದೆ, ಆದರೆ ಏರಿನಲ್ಲಿ ಪಿಸ್ಟನ್ ತಲೆಯೇ ಸುಟ್ಟುಹೋಗಬಹುದು. ತಡವಾದರೆ ಎಂಜಿನ್ ಕಾಯುತ್ತದೆ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ. ಮೇಸ್ತ್ರಿ ಕೂದಲೆಳೆಯಷ್ಟು ಹಿಂದಕ್ಕೆ ತಂದರು. ಎರಡನೇ ಸಲ ಸೇತುವೆ ಹತ್ತಿದಾಗ ಸದ್ದಿಲ್ಲ.

ಇವತ್ತಿನ ಗಾಡಿಗಳಲ್ಲಿ ಈ ಕೆಲಸವನ್ನು ಕಂಪ್ಯೂಟರ್ ಮಾಡುತ್ತದೆ. ಪಾಯಿಂಟ್ ಗಾಡಿಗಳು ಓಡುವಷ್ಟು ದಿನ ಊರಿಗೊಬ್ಬ ಇಂಥ ಮೇಸ್ತ್ರಿ ಬೇಕು. ಪೆರಂಬೂರಿನಲ್ಲಿ ಒಬ್ಬರು ಇದ್ದಾರೆ, ಅದೂ ಕನ್ನಡದಲ್ಲಿ ವಿವರಿಸುವವರು.