ಚಿಕ್ಕಪ್ಪನ ರೆಪ್ಪೆ ಯಾಕೆ ಏಳಲಿಲ್ಲ?

ಹೋದ ಮಳೆಗಾಲದಲ್ಲಿ ಒಂದು ದಿನ ಬೆಳಗಿನ ಜಾವ ಚಿಕ್ಕಪ್ಪ ಹೊಟ್ಟೆನೋವು ಅಂತ ಎದ್ದು ಕೂತರು. ರಾತ್ರಿ ಉಂಡಿದ್ದು ಅರಗಿಲ್ಲ ಅಂದುಕೊಂಡು ಜೀರಿಗೆ ಕಷಾಯ ಕೊಟ್ಟೆವು. ಬೆಳಕು ಹರಿಯುವ ಹೊತ್ತಿಗೆ ಅವರ ರೆಪ್ಪೆ ಅರ್ಧ ಮುಚ್ಚಿತ್ತು. ನಿದ್ದೆಗೆಟ್ಟಿದ್ದಾರೆ, ಮಲಗಲಿ ಬಿಡಿ ಅಂದೆವು. ಹಾಗಂದಿದ್ದು ನಾವೇ, ಮನೆಯ ಓದಿದ ಮಕ್ಕಳು.

ಆಮೇಲೆ ಉಗುಳು ನುಂಗಲಾಗದೆ ಜೊಲ್ಲು ಸುರಿಯತೊಡಗಿತು. ಮಾತು ಮೂಗಿನಲ್ಲಿ ಬಂತು. ಗಾಬರಿಯಾಗಿ ಆಸ್ಪತ್ರೆಗೆ ಓಡಿದೆವು. ಡಾಕ್ಟರ್ ಮೊದಲು ಕೇಳಿದ್ದು, "ರಾತ್ರಿ ನೆಲದ ಮೇಲೆ ಮಲಗಿದ್ರಾ?" ಹೌದು, ಪಡಸಾಲೆಯಲ್ಲಿ, ಚಾಪೆ ಮೇಲೆ. ಕಟ್ಟುಹಾವು ಅಂದರು. ಹುಡುಕಿದರೂ ಕಚ್ಚಿದ ಗುರುತು ಸಿಗಲಿಲ್ಲ. ಅದರ ಹಲ್ಲು ಸಣ್ಣದು, ಊತ ಉರಿ ಇರುವುದೇ ಕಡಿಮೆ. ಎಷ್ಟೋ ಜನಕ್ಕೆ ಎಚ್ಚರವೂ ಆಗುವುದಿಲ್ಲ. ನಿಮ್ಮ ಮನೆಯಲ್ಲಿ ಹೀಗೆ ಹೊಟ್ಟೆನೋವು ಬಂದು ರೆಪ್ಪೆ ಜೋತುಬಿದ್ದರೆ ಗುರುತು ಹುಡುಕುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ.

ಪ್ರತಿವಿಷದ ಡ್ರಿಪ್ ಹಾಕಿ ಜಿಲ್ಲಾಸ್ಪತ್ರೆಗೆ ಕಳಿಸಿದರು. ಆಂಬುಲೆನ್ಸಿನಲ್ಲಿ ಉಸಿರು ಸಣ್ಣಗಾಗುತ್ತಾ ನಿಂತೇ ಹೋಯಿತು. ಜೊತೆಗಿದ್ದವರು ಮುಖಕ್ಕೆ ಮಾಸ್ಕ್ ಒತ್ತಿ, ಆಂಬು ಬ್ಯಾಗ್ ಅನ್ನುವ ರಬ್ಬರ್ ಚೀಲವನ್ನು ಅದುಮತೊಡಗಿದರು. ಅವರ ಕೈ ಸೋತಾಗ ನಾವು ಅದುಮಿದೆವು. ಮಣಿಕಟ್ಟಿನಲ್ಲಿ ನಾಡಿ ಮಾತ್ರ ಸಿಗುತ್ತಲೇ ಇತ್ತು. ಉಸಿರಿಲ್ಲದವರಿಗೆ ನಾಡಿ ಹೇಗೆ?

ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆವು: ಕೈಕಾಲಿನದು ಐಚ್ಛಿಕ ಸ್ನಾಯು, ಕರುಳಿನದು ಅನೈಚ್ಛಿಕ, ಹೃದಯದ್ದು ಅನೈಚ್ಛಿಕವೇ ಆದರೂ ಬೇರೆ ಥರದ್ದು. ಎರಡು ಮಾರ್ಕಿನ ಪ್ರಶ್ನೆ. ಉಸಿರಾಟ ನಿದ್ದೆಯಲ್ಲೂ ನಡೆಯುತ್ತದಲ್ಲ, ಅದೂ ಅನೈಚ್ಛಿಕವೇ ಅಂದುಕೊಂಡಿದ್ದೆವು. ಅಲ್ಲ. ಎದೆಗೂ ಹೊಟ್ಟೆಗೂ ನಡುವಿನ ವಪೆ, ಪಕ್ಕೆಲುಬಿನ ನಡುವಿನ ಸ್ನಾಯು ಎಲ್ಲ ಕೈಕಾಲಿನ ಜಾತಿಯವೇ. ಅದಕ್ಕೇ ಬಾವಿಗೆ ಧುಮುಕುವಾಗ ಉಸಿರು ಬಿಗಿಹಿಡಿಯಲು ಆಗುವುದು. ಎದೆಬಡಿತವನ್ನು ಹಾಗೆ ಹಿಡಿಯಿರಿ ನೋಡೋಣ! ನಾವು ಮರೆತಾಗಲೂ ಮಿದುಳು ನರಗಳ ಮೂಲಕ ವಪೆಗೆ ಅಪ್ಪಣೆ ಕಳಿಸುತ್ತಲೇ ಇರುತ್ತದೆ. ಕಟ್ಟುಹಾವಿನ ವಿಷ ಕೆಡಿಸುವುದು ನರ ಬಂದು ಈ ಜಾತಿಯ ಸ್ನಾಯುವನ್ನು ಮುಟ್ಟುವ ತುದಿಯನ್ನು. ಮೊದಲು ರೆಪ್ಪೆ, ಆಮೇಲೆ ಗಂಟಲು, ಕೊನೆಗೆ ವಪೆ. ಹೃದಯದ ಬಡಿತ ಹುಟ್ಟುವುದು ಹೃದಯದೊಳಗೇ, ಅದಕ್ಕೆ ಆ ಅಪ್ಪಣೆ ಬೇಡ. ಆದರೆ ಗಾಳಿ ಸಿಗದಿದ್ದರೆ ಕೆಲವೇ ನಿಮಿಷದಲ್ಲಿ ಅದೂ ನಿಲ್ಲುತ್ತದೆ. ನಾವು ಅದುಮುತ್ತಿದ್ದುದು ಅದಕ್ಕೇ.

ಕೆಟ್ಟ ನರದ ತುದಿಯನ್ನು ಪ್ರತಿವಿಷ ಕೂಡಲೇ ಸರಿಮಾಡದು, ಅದು ಮತ್ತೆ ಚಿಗುರಲು ದಿನಗಳೇ ಬೇಕು. ಅಲ್ಲಿವರೆಗೆ ವೆಂಟಿಲೇಟರ್. ವೆಂಟಿಲೇಟರ್ ಹಾಕಿದರೆ ಮುಗೀತು ಅನ್ನುವ ಮಾತು ನಮ್ಮೂರಲ್ಲೂ ಇದೆ. ಸಹಿ ಹಾಕುವಾಗ ಚಿಕ್ಕಮ್ಮನ ಕೈ ನಡುಗುತ್ತಿತ್ತು. ಆರನೇ ದಿನ ಚಿಕ್ಕಪ್ಪನ ಬೆರಳು ಆಡಿತು.

ಮನೆಗೆ ಬಂದ ಮೇಲೆ ಅಂದರು, "ಆಂಬುಲೆನ್ಸಲ್ಲಿ ನೀವು ಹೋಗ್ಬಿಟ್ರು ಹೋಗ್ಬಿಟ್ರು ಅಂತ ಅತ್ತಿದ್ದೆಲ್ಲ ಕೇಳ್ತಿತ್ತು ಕಣ್ರೋ. ಇದೀನಿ ಅಂತ ತೋರ್ಸಕ್ಕೆ ರೆಪ್ಪೆ ಎತ್ತಕ್ಕೂ ಆಗ್ಲಿಲ್ಲ."

ಈಗ ಅವರಿಗೆ ಮಂಚ, ಸೊಳ್ಳೆಪರದೆ. ಪರದೆಯ ಅಂಚನ್ನು ಹಾಸಿಗೆ ಕೆಳಗೆ ಸಿಕ್ಕಿಸುವ ಕೆಲಸ ದಿನಾ ರಾತ್ರಿ ನಮ್ಮದು.