ನಾಟಕದವರ ಹುಡುಗಿ

ಯಾದಗಿರಿಯಿಂದ ಶಹಾಪುರಕ್ಕೆ ಬರುವವರು ಭೀಮಾ ನದಿಯನ್ನು ದಾಟಬೇಕು. ನಾನು ಚಿಕ್ಕವಳಾಗಿದ್ದಾಗ, ದೀಪಾವಳಿ ಕಳೆದ ಮೇಲೆ, ಆ ದಾರಿಯಲ್ಲಿ ಒಂದು ಲಾರಿ ಬರುವುದನ್ನು ನಮ್ಮ ಓಣಿಯ ಮಕ್ಕಳೆಲ್ಲ ಕಾಯುತ್ತಿದ್ದೆವು. ನಮ್ಮೂರಿಗೆ ರೈಲಿರಲಿಲ್ಲ. ನಾಟಕ ಕಂಪನಿಯ ಸಾಮಾನು ಯಾದಗಿರಿಯ ನಿಲ್ದಾಣದಲ್ಲಿ ಇಳಿದು, ಅಲ್ಲಿಂದ ಲಾರಿ ಏರಿ ಬರುತ್ತಿತ್ತು. ಸುತ್ತಿಟ್ಟ ಪರದೆಗಳು, ತಗಡುಗಳು, ಬಣ್ಣದ ಪೆಟ್ಟಿಗೆಗಳು, ಹಾರ್ಮೋನಿಯಂ, ಚಿನ್ನದ ಬಣ್ಣ ಬಳಿದ ಮರದ ಸಿಂಹಾಸನ. ಇವುಗಳ ನಡುವೆ ಕೊಡ, ಒಲೆ, ಒಂದು ತೊಟ್ಟಿಲು. ಸಿಂಹಾಸನವೂ ತೊಟ್ಟಿಲೂ ಒಂದೇ ಲಾರಿಯಲ್ಲಿ ಬರುವುದೇಕೆಂದು ನಾನು ಆಗ ಯೋಚಿಸಿದವಳಲ್ಲ.

ನಾನು ಆರನೆಯ ತರಗತಿಯಲ್ಲಿದ್ದ ವರ್ಷ ಬಂದ ಕಂಪನಿಯು ಮೂರು ತಿಂಗಳು ನಮ್ಮೂರಿನಲ್ಲಿ ಬಿಡಾರ ಮಾಡಿತು. ಮಲಗಿದ ಬುದ್ಧನಂತೆ ಕಾಣುವ ನಮ್ಮ ಬೆಟ್ಟದ ಮೇಲಿನ ಬೆಳಕು ಆರುತ್ತಿದ್ದಂತೆ ಡೇರೆಯ ಮುಂದಿನ ದೀಪಗಳು ಹೊತ್ತಿಕೊಳ್ಳುತ್ತಿದ್ದವು. ಆ ಕಂಪನಿಯವರ ಹುಡುಗಿಯೊಬ್ಬಳು ನಮ್ಮ ತರಗತಿಗೆ ಸೇರಿದಳು. ನನ್ನ ಪಕ್ಕದಲ್ಲಿಯೇ ಅವಳಿಗೆ ಸ್ಥಳ ದೊರೆಯಿತು. ಲೆಕ್ಕದಲ್ಲಿ ಅವಳು ಹಿಂದೆ, ಮಧ್ಯಾಹ್ನವಾದರೆ ತೂಕಡಿಸುವಳು. ಆದರೆ ಪದ್ಯ ಓದಲು ಎದ್ದು ನಿಂತಳೆಂದರೆ, ಕೊನೆಯ ಸಾಲಿನಲ್ಲಿ ಕುಳಿತವರಿಗೂ ಒಂದೊಂದು ಅಕ್ಷರ ಬಿಡಿಬಿಡಿಯಾಗಿ ಕೇಳಿಸುತ್ತಿತ್ತು. ನಮ್ಮ ಗುರುಗಳು ಒಮ್ಮೆ ಪುಸ್ತಕ ಮುಚ್ಚಿಟ್ಟು ಸುಮ್ಮನೆ ಕೇಳುತ್ತ ಕುಳಿತುಬಿಟ್ಟಿದ್ದರು.

ಒಂದು ಸಂಜೆ ಅವಳನ್ನು ಮನೆಗೆ ಕರೆತಂದೆ. ಅವ್ವ ಅವಳನ್ನು ಕಟ್ಟೆಯ ಮೇಲೆಯೇ ಕೂರಿಸಿ, ಒಂದು ಹಿಡಿ ಶೇಂಗಾ ಕೊಟ್ಟು, ನಗುನಗುತ್ತಲೇ ಮಾತನಾಡಿಸಿ ಕಳುಹಿಸಿದಳು. ಹೊಸ್ತಿಲೊಳಗೆ ಕರೆಯಲಿಲ್ಲ. ಅವಳು ಓಣಿಯ ತಿರುವು ದಾಟಿದ ಮೇಲೆ, “ನಾಟಕದವರ ಹುಡುಗಿ ಸಂಗಾಟ ತಿರುಗಬ್ಯಾಡ. ಇವತ್ತ ಶಹಾಪುರ, ನಾಳಿ ಸುರಪುರ. ಅವರಿಗೇನು ಮನಿಯೋ, ಮಠವೋ?” ಎಂದಳು.

ಅದೇ ವಾರ ಕಂಪನಿಯವರು ‘ಹರಿಶ್ಚಂದ್ರ’ ಆಡಿದರು. ಅವ್ವನೂ ನಾನೂ ಹೋಗಿದ್ದೆವು. ಲೋಹಿತಾಶ್ವನಾಗಿ ರಂಗಕ್ಕೆ ಬಂದವಳು ಆ ಹುಡುಗಿ. ಹಾವು ಕಚ್ಚಿ ಸತ್ತ ಮಗನನ್ನು ಚಂದ್ರಮತಿ ಮಡಿಲಲ್ಲಿಟ್ಟುಕೊಂಡು ಅಳುವಾಗ, ನಮ್ಮವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ಬಿಕ್ಕಿದಳು. ಮನೆಗೆ ಬಂದು ದೀಪ ಆರಿಸಿದ ಮೇಲೂ ಅವಳ ಅಳು ನಿಂತಿರಲಿಲ್ಲ. ಮರುದಿನ ನಾನು ತರಗತಿಯಲ್ಲಿ ಸ್ಥಳ ಬದಲಾಯಿಸಿ ಬೇರೆಯವರ ಪಕ್ಕದಲ್ಲಿ ಕುಳಿತೆ. ಅವಳು ಏಕೆಂದು ಕೇಳಲಿಲ್ಲ. ಇಂಥದ್ದು ಅವಳಿಗೆ ಅದೇ ಮೊದಲಿನದಾಗಿರಲಾರದು. ಕಂಪನಿ ಸುರಪುರಕ್ಕೆ ಹೊರಟ ದಿನ ಲಾರಿಯ ಸದ್ದು ಕೇಳಿಯೂ ನಾನು ಹೊರಗೆ ಬರಲಿಲ್ಲ.

ಮುಂದೆ ಓದು, ಉದ್ಯೋಗವೆಂದು ನಾನು ಬೆಂಗಳೂರು ಸೇರಿದೆ. ಬಿ. ಜಯಶ್ರೀ ಎಂಬ ಹೆಸರು ನನ್ನ ಮನಸ್ಸಿಗೆ ನಾಟಿದ್ದು ಅಲ್ಲಿಯೇ. ಅವರ ಕುರಿತು ಕೇಳಿದಾಗಲೆಲ್ಲ ನನ್ನ ಪಕ್ಕದಲ್ಲಿ ತೂಕಡಿಸುತ್ತಿದ್ದ ಆ ಹುಡುಗಿ ನೆನಪಾಗುತ್ತಿದ್ದಳು. ಇಬ್ಬರ ಭಾಗ್ಯವೂ ಒಂದೇ ಅಲ್ಲ, ನಿಜ. ಜಯಶ್ರೀಯವರು ಹುಟ್ಟಿದ್ದು ಕನ್ನಡ ನಾಡಿನಲ್ಲೇ ಅತ್ಯಂತ ಹೆಸರಾದ ರಂಗಕುಟುಂಬದಲ್ಲಿ. 1884ರಲ್ಲಿ ತುಮಕೂರು ಸೀಮೆಯ ಗುಬ್ಬಿಯಲ್ಲಿ ಆರಂಭವಾದ ಚನ್ನಬಸವೇಶ್ವರ ನಾಟಕ ಸಂಘವನ್ನು ಮನೆಮಾತಾಗಿ ಮಾಡಿದ ಗುಬ್ಬಿ ವೀರಣ್ಣನವರು ಅವರ ತಾತ. ವೀರಣ್ಣನವರ ಮಗಳು ಮಾಲತಮ್ಮನವರು ಅವರ ತಾಯಿ. ರಂಗದ ಮೇಲೆ ಆನೆ ಕುದುರೆಗಳನ್ನೇ ತಂದ ಕಂಪನಿ ಅದು. ರಾಜಕುಮಾರರೂ ಬಿ. ವಿ. ಕಾರಂತರೂ ಎಳೆಯ ವಯಸ್ಸಿನಲ್ಲಿ ಅನ್ನ ಉಂಡು ಕಲೆ ಕಲಿತ ಮನೆ ಅದು. ಗಂಡಸರೇ ಸೀರೆಯುಟ್ಟು ಸ್ತ್ರೀಪಾತ್ರ ಮಾಡುತ್ತಿದ್ದ ಕಾಲ ಹೋಗಿ ಹೆಂಗಸರು ರಂಗಕ್ಕೆ ಬಂದುದರಲ್ಲಿ ಆ ಕಂಪನಿಯ ಪಾಲು ದೊಡ್ಡದು. ವೀರಣ್ಣನವರ ಪತ್ನಿ ಬಿ. ಜಯಮ್ಮನವರು ರಂಗದಲ್ಲಿಯೂ ಚಲನಚಿತ್ರದಲ್ಲಿಯೂ ಕೀರ್ತಿ ಪಡೆದವರು.

1950ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ಜಯಶ್ರೀಯವರು ನಾಲ್ಕು ವರ್ಷದ ಮಗುವಾಗಿದ್ದಾಗಲೇ ಬಣ್ಣ ಹಚ್ಚಿದರು. ಕಂಪನಿಯ ಮಕ್ಕಳಿಗೆ ನಾಟಕ ಕಲಿಸುವವರು ಪ್ರತ್ಯೇಕವಾಗಿ ಯಾರೂ ಇರುವುದಿಲ್ಲ. ಅವರು ಪರದೆಯ ಮರೆಯಲ್ಲಿ ನಿಂತು ಕೇಳಿ ಕೇಳಿಯೇ ದೊಡ್ಡವರ ಮಾತುಗಳನ್ನು ಬಾಯಿಪಾಠ ಮಾಡಿಬಿಡುತ್ತಾರೆ. ಧ್ವನಿವರ್ಧಕವನ್ನು ನಂಬದೆ ಡೇರೆಯ ಕೊನೆಯವರೆಗೆ ಮಾತು ಮುಟ್ಟಿಸುವುದು, ಹಾರ್ಮೋನಿಯಂ ಎತ್ತಿಕೊಟ್ಟ ಶ್ರುತಿಗೆ ಥಟ್ಟನೆ ಸೇರುವುದು, ಜೊತೆಯ ನಟ ಮಾತು ಮರೆತರೆ ತಾನೇ ಮುಂದುವರಿಸುವುದು. ಇವು ಅವರಿಗೆ ನಡೆಯಲು ಕಲಿತಷ್ಟೇ ಸಹಜವಾಗಿ ಬರುವ ವಿದ್ಯೆಗಳು. ನಮ್ಮ ಗುರುಗಳು ಪುಸ್ತಕ ಮುಚ್ಚಿದ್ದೇಕೆಂಬುದು ನನಗೆ ಅರ್ಥವಾದದ್ದು ಬಹಳ ತಡವಾಗಿ.

ಇಷ್ಟೆಲ್ಲ ಮನೆಯಲ್ಲಿಯೇ ದೊರೆತಿದ್ದರೂ ಜಯಶ್ರೀಯವರು ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಗೆ ಹೋದರು. ಇಬ್ರಾಹಿಂ ಅಲ್ಕಾಜಿಯವರು ಅದರ ನಿರ್ದೇಶಕರಾಗಿದ್ದ ಕಾಲ. 1973ರಲ್ಲಿ ಅಲ್ಲಿಯ ಶಿಕ್ಷಣ ಮುಗಿಯಿತು. ಅದರ ಹಿಂದಿನ ವರ್ಷ ವೀರಣ್ಣನವರು ತೀರಿಕೊಂಡಿದ್ದರು. ಹೊಸ ವಿದ್ಯೆ ಕಲಿತವರು ಹಳೆಯ ಮನೆಯನ್ನು ಹೀಗಳೆಯುವುದುಂಟು. ಇವರು ಹಾಗೆ ಮಾಡಲಿಲ್ಲ. 1976ರಲ್ಲಿ ಬೆಂಗಳೂರಿನಲ್ಲಿ ‘ಸ್ಪಂದನ’ ತಂಡ ಕಟ್ಟಿ, ಹಾಡು ಕುಣಿತಗಳಿಂದ ತುಂಬಿದ, ನೆಲದ ವಾಸನೆಯುಳ್ಳ ನಾಟಕಗಳನ್ನು ಆಡಿಸಿದರು. ಚಂದ್ರಶೇಖರ ಕಂಬಾರರ ಕಾದಂಬರಿಯಿಂದ ರೂಪುಗೊಂಡ ‘ಕರಿಮಾಯಿ’, ಜಾನಪದ ಕಥೆಯ ‘ಲಕ್ಷಾಪತಿ ರಾಜನ ಕಥೆ’ ಆ ತಂಡದಿಂದಲೇ ಬಂದವು. ಕಂಪನಿಯ ಕಂಠವೂ ನಾಟಕ ಶಾಲೆಯ ಶಿಸ್ತೂ ಅವುಗಳಲ್ಲಿ ಜಗಳವಾಡದೆ ಕೂಡಿದ್ದವು.

ತಂಡ ಕಟ್ಟಿದವರಿಗೆ ಮನೆಯ ಖರ್ಚು ತಪ್ಪುವುದಿಲ್ಲವಷ್ಟೆ. ಜಯಶ್ರೀಯವರು ಚಲನಚಿತ್ರಗಳಲ್ಲಿ ಇತರ ನಟಿಯರಿಗೆ ಧ್ವನಿ ಕೊಡುವ ಕೆಲಸವನ್ನೂ ಮಾಡಿದರು. ಮಾಧವಿ, ಗಾಯತ್ರಿ, ಜಯಪ್ರದಾ ಮೊದಲಾದವರ ಮುಖಕ್ಕೆ ಇವರ ಮಾತು. ನಮ್ಮೂರಿನ ಟಾಕೀಜಿನಲ್ಲಿ ನಾವು ಮೆಚ್ಚಿ ಅನುಕರಿಸುತ್ತಿದ್ದ ನಾಯಕಿಯರ ಕನ್ನಡದಲ್ಲಿ ಇವರ ಕಂಠವೂ ಇತ್ತೆಂದು ತಿಳಿದ ದಿನ ನನಗೆ ನಗುವೂ ಬಂತು, ನಾಚಿಕೆಯೂ ಆಯಿತು. ನಾಟಕದವರ ಮಗಳ ಮಾತನ್ನು ಹೊಸ್ತಿಲೊಳಗೆ ಅಷ್ಟು ದಿನ ಇಟ್ಟುಕೊಂಡಿದ್ದೆವಲ್ಲ!

ಗೌರವಗಳು ಕ್ರಮೇಣ ಬಂದವು: 1996ರಲ್ಲಿ ಸಂಗೀತ ನಾಟಕ ಅಕಾದೆಮಿಯ ಪ್ರಶಸ್ತಿ, 2010ರಲ್ಲಿ ರಾಜ್ಯಸಭೆಗೆ ನಾಮಕರಣ, 2013ರಲ್ಲಿ ಪದ್ಮಶ್ರೀ. ಮೈಸೂರಿನ ರಂಗಾಯಣಕ್ಕೂ ಕೆಲಕಾಲ ನಿರ್ದೇಶಕಿಯಾಗಿದ್ದರು. ನನ್ನ ಕಣ್ಣಿಗೆ ಇವೆಲ್ಲಕ್ಕಿಂತ ದೊಡ್ಡದಾಗಿ ಕಂಡದ್ದು ಬೇರೆಯೇ. ಗುಬ್ಬಿ ಕಂಪನಿಯ ‘ಸದಾರಮೆ’ಯಲ್ಲಿ ವೀರಣ್ಣನವರ ಕಳ್ಳನ ಪಾತ್ರ ಪ್ರಸಿದ್ಧವಾದುದು. ಆ ನಾಟಕವನ್ನು ಮತ್ತೆ ರಂಗಕ್ಕೆ ತಂದಾಗ ಜಯಶ್ರೀಯವರು ಸದಾರಮೆಯಾಗಲಿಲ್ಲ. ತಾತನ ಕಳ್ಳನನ್ನೇ ತಾವು ಹಾಕಿದರು. ಒಂದು ಕಾಲದಲ್ಲಿ ಹೆಂಗಸಿನ ಪಾತ್ರವನ್ನೂ ಹೆಂಗಸಿಗೆ ಕೊಡದಿದ್ದ ರಂಗದಲ್ಲಿ ಮೊಮ್ಮಗಳೊಬ್ಬಳು ತಾತನ ವೇಷದಲ್ಲಿ ನಿಂತು ನೂರಾರು ಜನರನ್ನು ನಗಿಸುತ್ತಿದ್ದಳು. ನಾನೂ ನಕ್ಕೆ. ನಗುತ್ತಲೇ, ಆ ಧ್ವನಿ ಕೊನೆಯ ಸಾಲಿಗೆ ಮುಟ್ಟುತ್ತಿದೆಯೇ ಎಂದು ಹಿಂದಿರುಗಿ ನೋಡಿದೆ. ಮುಟ್ಟುತ್ತಿತ್ತು.

ಅವ್ವನಿಗೆ ವಯಸ್ಸಾದ ಮೇಲೆ ಒಂದು ರಜೆಯಲ್ಲಿ ಶಹಾಪುರಕ್ಕೆ ಹೋಗಿದ್ದೆ. ದೂರದರ್ಶನದಲ್ಲಿ ನಾಗಾಭರಣರ ‘ನಾಗಮಂಡಲ’ ಬರುತ್ತಿತ್ತು. 1997ರ ಆ ಚಿತ್ರದಲ್ಲಿ ಕುರುಡವ್ವನ ಪಾತ್ರ ಜಯಶ್ರೀಯವರದು. ಅವ್ವ ಅಡಕೆ ಕತ್ತರಿಸುವುದನ್ನು ನಿಲ್ಲಿಸಿ ನೋಡಿದಳು.

“ಈಕಿ ಯಾರ ಮಗಳವ್ವ? ಖರೇನ ಕಣ್ಣಿಲ್ಲೇನು?”

“ಕಣ್ಣು ಅದಾವವ್ವ. ನಾಟಕದವರ ಮಗಳು.”

ಅವ್ವ ಬಹಳ ಹೊತ್ತು ಮಾತನಾಡಲಿಲ್ಲ. ಚಿತ್ರ ಮುಗಿದ ಮೇಲೆ, “ನಮ್ಮ ಕಟ್ಟಿ ಮ್ಯಾಲ ಕುಂತಿತ್ತಲ್ಲ ಆ ಕೂಸು, ಲೋಹಿತಾಶ್ವ ಆಗಿತ್ತಲ್ಲ, ಅದರ ಹೆಸರೇನವ್ವ?” ಎಂದು ಕೇಳಿದಳು.

ನಾನು ಎಷ್ಟು ಯೋಚಿಸಿದರೂ ಆ ಹೆಸರು ನೆನಪಿಗೆ ಬರಲಿಲ್ಲ.